ಬ್ರೇಕ್ ಸದ್ದು ನಿಂತಿದೆ ಅಂತ ಘಾಟಿ ಇಳಿಯಬೇಡಿ

ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರು, ಅದರಲ್ಲೂ ನನ್ನ ಹಾಗೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ತಿಂಗಳು ಶಿರಾಡಿ ಘಾಟಿಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನದು 2012ರ ಆಡಿ ಟಿಟಿ. ಎರಡು ತಿಂಗಳಿಂದ ಬ್ರೇಕ್ ಕೀರಲು ಶುರುವಾಗಿತ್ತು. ಸಿಗ್ನಲ್ ಹತ್ತಿರ ಮೆಲ್ಲಗೆ ಪೆಡಲ್ ಒತ್ತಿದರೆ ಬಲಗಡೆ ಮುಂದಿನ ಚಕ್ರದಿಂದ 'ಕೀಂಯ್' ಅಂತ ಸದ್ದು. ಪಕ್ಕದ ಆಟೋದವರು ತಿರುಗಿ ನೋಡುವಷ್ಟು ಜೋರು. ಪೆಡಲ್ ಗಟ್ಟಿಯಾಗಿ ಒತ್ತಿದರೆ ಸದ್ದಿಲ್ಲ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಬ್ರೇಕ್ ಪ್ಯಾಡ್. ಅದು ಸವೆದರೆ ಡ್ಯಾಶ್‌ಬೋರ್ಡ್‌ನಲ್ಲಿ ಹತ್ತಬೇಕಾದ ಲೈಟ್ ಬಂದಿರಲಿಲ್ಲ. ಹಾಗಾಗಿ ಪ್ಯಾಡ್ ಚೆನ್ನಾಗಿದೆ ಅಂದುಕೊಂಡೆ.

ಬೆಂಗಳೂರಿನಲ್ಲಿ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಬಿಟ್ಟೆ. "ಸ್ಪೋರ್ಟ್ಸ್ ಕಾರಲ್ವಾ ಸಾರ್, ಸದ್ದು ಇದ್ದೇ ಇರುತ್ತೆ. ಕ್ಲೀನ್ ಮಾಡಿ ಗ್ರೀಸ್ ಹಾಕಿ ಕೊಡ್ತೀನಿ, ಆಮೇಲೆ ಕೇಳಲ್ಲ" ಅಂದರು. ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. 1,800 ರೂಪಾಯಿ ಕೊಟ್ಟೆ. ಸದ್ದು ನಿಜಕ್ಕೂ ನಿಂತಿತ್ತು. ಏನಾಗಿತ್ತು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೂರನೇ ದಿನ ಹೆಂಡತಿ ಜೊತೆ ಮಂಗಳೂರಿಗೆ ಹೊರಟೆ. ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ಇಳಿಜಾರು ಶುರುವಾಯಿತು. ಸಣ್ಣ ಮಳೆ, ಮುಂದೆ ಸಾಲಾಗಿ ಟ್ಯಾಂಕರ್‌ಗಳು. ಇಲ್ಲಿ ನನ್ನದೂ ತಪ್ಪಿದೆ. ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕಿತ್ತು. ಆಟೋಮ್ಯಾಟಿಕ್ ಅಂತ 'ಡಿ'ಯಲ್ಲೇ ಬಿಟ್ಟು ಬರೀ ಬ್ರೇಕ್ ಮೇಲೆ ಇಳಿದೆ. ಏಳೆಂಟು ತಿರುವು ಆದಮೇಲೆ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯ ಬ್ರೇಕ್ ಇರಬೇಕು ಅಂದುಕೊಂಡೆ. ಆ ಲಾರಿ ನಿಧಾನ ಮಾಡಿತು, ನಾನೂ ಒತ್ತಿದೆ. ಕಾರು ನಿಲ್ಲುವ ಬದಲು ಮೂತಿ ಎಡಕ್ಕೆ ಎಳೆಯಿತು. ಸ್ಟೇರಿಂಗ್ ಬಲಕ್ಕೆ ಹಿಡಿದರೂ ಎಡಗಡೆ ಚಕ್ರಗಳು ಟಾರ್ ಬಿಟ್ಟು ಜಲ್ಲಿ ಮೇಲೆ ಇಳಿದವು. ಲಾರಿಯ ಹಿಂದಿನ ಬಂಪರ್‌ಗೆ ಒಂದು ಮೊಳ ಇರುವಾಗ ನಿಂತಿತು. ಹೆಂಡತಿ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲೆ ಊರಿ ಕೂತಿದ್ದಳು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತೇ ಬರಲಿಲ್ಲ.

ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ಮೊದಲ ಗೇರಿನಲ್ಲಿ ತೆವಳಿಕೊಂಡು ಗುಂಡ್ಯ ಮುಟ್ಟಿದೆವು. ಅಲ್ಲಿಂದ ಉಪ್ಪಿನಂಗಡಿ ಹತ್ತಿರದ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ವಯಸ್ಸಾದ ಮೆಕ್ಯಾನಿಕ್ ಚಕ್ರ ಬಿಚ್ಚುವ ಮೊದಲೇ ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದರು. ಬಲ ಮುಂದಿನದರ ಹತ್ತಿರ ಕೈ ಇಡಲಾಗುತ್ತಿರಲಿಲ್ಲ. ಚಕ್ರ ಬಿಚ್ಚಿದ ಮೇಲೆ ಅವರು ಹೇಳಿದ್ದು, "ಎಂಥ ಮಾರಾಯ್ರೆ ಇದು, ಪ್ಯಾಡಿಗೆ ಗ್ರೀಸ್ ತಿನ್ನಿಸಿದ್ದಾರಲ್ಲ!"

ಎರಡೂ ಪ್ಯಾಡ್ ತೆಗೆದು ಹಳೇ ಪೇಪರ್ ಮೇಲೆ ಪಕ್ಕಪಕ್ಕ ಇಟ್ಟರು. ಹೊರಗಿನದು 8 ಮಿಲಿಮೀಟರ್ ದಪ್ಪ ಇತ್ತು. ಒಳಗಿನದು ಬರೀ 2, ಅದೂ ಒಂದು ಕಡೆ ಓರೆಯಾಗಿ ಸವೆದಿತ್ತು. ಅಂಚಿನಿಂದ ಕಪ್ಪು ಗ್ರೀಸ್ ಕರಗಿ ಪ್ಯಾಡ್ ಮುಖದ ಮೇಲೆ ಹರಿದಿತ್ತು. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆಗೆ ಕ್ಯಾಲಿಪರ್ ಅಂತಾರೆ. ಇಂಥ ಕ್ಯಾಲಿಪರ್‌ನಲ್ಲಿ ತಳ್ಳುವ ಪಿಸ್ಟನ್ ಒಳಗಡೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡ್ ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ನನ್ನ ಕಾರಿನಲ್ಲಿ ಪಿನ್ ಕಚ್ಚಿಕೊಂಡಿತ್ತು. ಪಿನ್ ಕೂರುವ ರಬ್ಬರ್ ಬುಷ್ ಉಬ್ಬಿ ಮೆತ್ತಗಾಗಿತ್ತು. ಹಿಂದೆ ಯಾರೋ ಅಲ್ಲಿಗೂ ಸಾದಾ ಗ್ರೀಸ್ ಹಾಕಿದ್ದರು. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ. ಕಾಲು ತೆಗೆದರೂ ಒಳಗಿನ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇತ್ತು. ಓರೆಯಾಗಿ ಕೂತ ಪ್ಯಾಡ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಅದುರುತ್ತದೆ, ಡಿಸ್ಕ್ ಜಾಗಟೆಯ ಹಾಗೆ ಮೊಳಗುತ್ತದೆ. ನನಗೆ ಕೇಳಿಸುತ್ತಿದ್ದದ್ದು ಅದೇ.

ಬೆಂಗಳೂರಿನ ಗ್ಯಾರೇಜಿನವರು ಆ ಪಿನ್ ಮುಟ್ಟಿಯೂ ನೋಡಿರಲಿಲ್ಲ. ಪ್ಯಾಡ್ ಸುತ್ತ ಗ್ರೀಸ್ ಬಳಿದು ಅದುರುವುದನ್ನು ಅಡಗಿಸಿದ್ದರು, ಅಷ್ಟೇ. ಘಾಟಿಯ ಬಿಸಿಗೆ ಗ್ರೀಸ್ ಕರಗಿತು, ಬಲಗಡೆ ಹಿಡಿತ ಹೋಯಿತು. ಎಡಗಡೆ ಮಾತ್ರ ಹಿಡಿದದ್ದರಿಂದ ಕಾರು ಎಡಕ್ಕೆ ಹೋಯಿತು. ಲೈಟ್ ಯಾಕೆ ಬರಲಿಲ್ಲ ಗೊತ್ತಾ? ಸೆನ್ಸರ್ ವೈರ್ ಇದ್ದದ್ದು ಎಡಗಡೆ ಪ್ಯಾಡಿಗೆ ಮಾತ್ರ. ಎಷ್ಟೋ ಕಾರುಗಳಲ್ಲಿ ಹೀಗೇ ಇರುತ್ತದೆ. ಲೈಟ್ ಒಂದನ್ನೇ ನಂಬಿ ಕೂರಬೇಡಿ.

ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ತೊಳೆದು ಮತ್ತೆ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಒಳಗೆ ಹೀರಿಕೊಂಡಿರುತ್ತದೆ. ಒಂದು ಕಡೆಯದು ಹಾಳಾದರೂ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ನಮಗೆ ಪ್ಯಾಡು, ಬುಷ್ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವು. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ದಪ್ಪ ಅಳೆದರು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ನಮ್ಮದು ಅದಕ್ಕಿಂತ ಮೇಲಿತ್ತು, ಡಿಸ್ಕ್ ಉಳಿಯಿತು. ಪಿನ್‌ಗಳನ್ನು ಒರೆಸಿ ಒಣಗಿಸಿ ಹೊಸ ಬುಷ್‌ನಲ್ಲಿ ಕೂರಿಸಿದರು. ಕೆಲವು ಕ್ಯಾಲಿಪರ್‌ನ ಪಿನ್‌ಗೆ ಗ್ರೀಸೇ ಬೇಡ, ಬೇಕಿದ್ದ ಕಡೆ ರಬ್ಬರ್‌ಗೆ ಆಗುವ ಸಿಲಿಕಾನ್ ಗ್ರೀಸ್ ಮಾತ್ರ. ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿಸಿ. ಪೆಡಲ್ ಒತ್ತಡವನ್ನು ಚಕ್ರದವರೆಗೆ ಒಯ್ಯುವ ದ್ರವ, ಅಂದರೆ ಬ್ರೇಕ್ ಫ್ಲೂಯಿಡ್ ಕೂಡ ಬದಲಿಸಿದೆವು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಬೇಕು, ನೀರು ಸೇರಿದ ಮೇಲೆ 155ರ ಸುಮಾರಿಗೇ ಕುದಿಯಬಹುದು. ಘಾಟಿಯಲ್ಲಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಮರುದಿನ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಸಲ ಬ್ರೇಕ್ ಹಾಕಿಸಿದರು. ಪೂರ್ತಿ ನಿಲ್ಲಿಸಬಾರದು ಅಂದರು. ಆಮೇಲೆ ಬ್ರೇಕ್ ಆದಷ್ಟು ಮುಟ್ಟದೆ ನಾಲ್ಕು ಕಿಲೋಮೀಟರ್ ಓಡಿಸಿ ತಣ್ಣಗಾಗಿಸಿದೆವು. ಹೊಸ ಪ್ಯಾಡ್ ಡಿಸ್ಕ್ ಮೇಲೆ ಸಮನಾಗಿ ಕೂರಲು ಇದು ಬೇಕು. ಇದನ್ನು ಬಿಟ್ಟರೆ ಹೊಸ ಪ್ಯಾಡೂ ಕೀರಬಹುದು.

ನಿಮ್ಮ ಕಾರು ಕೀರುತ್ತಿದ್ದರೆ ಗ್ಯಾರೇಜಿಗೆ ಹೋಗುವ ಮೊದಲೇ ಗಮನಿಸಿ. ಯಾವ ಚಕ್ರ? ಮೆಲ್ಲಗೆ ಒತ್ತಿದಾಗಲೋ, ಜೋರಾಗಿ ಒತ್ತಿದಾಗಲೋ? ಕಾಲು ತೆಗೆದ ಮೇಲೂ ಇದೆಯಾ? ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಜಾಸ್ತಿ ಬಿಸಿಯಾ? ದೂರದಿಂದಲೇ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ. ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡನ್ನೂ ಕಣ್ಣಾರೆ ನೋಡಿ. ಪಿನ್ ಕೈಯಲ್ಲಿ ಜಾರುತ್ತದಾ ಅಂತ ತೋರಿಸಲು ಹೇಳಿ. ಡಿಸ್ಕ್ ಮೇಲೆ ಎಣ್ಣೆ ಸ್ಪ್ರೇ ಹೊಡೆಯಲು ಬಂದರೆ ಅಲ್ಲೇ ತಡೆಯಿರಿ.

ಈಗ ನನ್ನ ಕಾರು ಮಳೆ ಬಂದ ಮಾರನೇ ಬೆಳಗ್ಗೆ ಮಾತ್ರ ಸ್ವಲ್ಪ ಕೀರುತ್ತದೆ. ಅದು ರಾತ್ರಿ ಡಿಸ್ಕ್ ಮೇಲೆ ಕೂತ ತೆಳು ತುಕ್ಕು. ಗೇಟ್ ದಾಟಿ ಎರಡು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಮೂರನೇ ಸಲವೂ ಕೇಳಿಸಿದರೆ ನಾನು ಕಾರು ತಿರುಗಿಸಿ ಮನೆಗೆ ಬರುತ್ತೇನೆ.