ದಾವಣಗೆರೆಯಲ್ಲಿ ಇಂಟೀರಿಯರ್ ಡಿಸೈನರ್ ಸೇವೆ: ರೊಟ್ಟಿ ಕಟ್ಟೆಗೆ ಪೂರ್ತಿ ಅಂಕ, ಸೀಲಿಂಗಿಗೆ ಅರ್ಧ

ಇಂಟೀರಿಯರ್ ಡಿಸೈನರ್‌ಗೆ ಕೊಟ್ಟ ದುಡ್ಡು ವಸೂಲಾಯಿತೋ ಇಲ್ಲವೋ ಅನ್ನುವುದು ಗೃಹಪ್ರವೇಶದ ದಿನ ತಿಳಿಯುವುದಿಲ್ಲ. ಅವತ್ತು ಎಲ್ಲಾ ಲೈಟು ಉರಿಯುತ್ತಿರುತ್ತವೆ, ಎಲ್ಲಾ ಕಪಾಟಿನ ಬಾಗಿಲು ನೇರವಾಗಿ ಮುಚ್ಚುತ್ತವೆ. ಒಂದೆರಡು ಬೇಸಿಗೆ ಕಳೆಯಬೇಕು, ಬೋರ್ ನೀರಿನ ಬಿಳಿ ಕಲೆ ನಲ್ಲಿಯ ಮೇಲೆ ಕೂರಬೇಕು, ಸಿಂಕಿನ ಕೆಳಗೆ ಒಮ್ಮೆಯಾದರೂ ಪೈಪು ಸೋರಬೇಕು. ಆಮೇಲೆ ಬರೆದ ವಿಮರ್ಶೆಗಷ್ಟೇ ಬೆಲೆ. ಇದು ಹಾಗೆ ಬಳಸಿದ ಮೇಲೆ ಬರೆದದ್ದು: 30×40 ಸೈಟು, ನೆಲಮಹಡಿ ಮಾತ್ರ, ಒಳಗೆ ಸುಮಾರು 900 ಚದರಡಿ. ಡ್ರಾಯಿಂಗ್ ಮತ್ತು ಸೈಟ್ ಭೇಟಿಗೆ ಚದರಡಿಗೆ 60 ರೂಪಾಯಿಯಂತೆ 54,000 ಫೀ. ಸಾಮಾನು, ಬಡಗಿ ಕೂಲಿ ಎಲ್ಲಾ ಬೇರೆ. ಗುತ್ತಿಗೆ ಆದದ್ದು ಗಿಲಾವಿಗೆ ಮುಂಚೆ, ಇಟ್ಟಿಗೆ ಗೋಡೆ ಎದ್ದು ನಿಂತಿದ್ದಾಗ. ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಅದೇ ಡಿಸೈನರ್ ಪೇಂಟಿಂಗ್ ಹೊತ್ತಿಗೆ ಬಂದಿದ್ದರೆ ಈ ವಿಮರ್ಶೆ ಪೂರ್ತಿ ಬೇರೆಯಾಗುತ್ತಿತ್ತು.

ಮೊದಲು ರೊಟ್ಟಿ ಕಟ್ಟೆ, ಅಂದರೆ ಜೋಳದ ರೊಟ್ಟಿ ಬಡಿದು ಬೇಯಿಸಲೆಂದೇ ಉಳಿದ ಅಡುಗೆ ಕಟ್ಟೆಗಿಂತ ತಗ್ಗಿಸಿ ಕಟ್ಟಿದ ಭಾಗ. ಇಡೀ ಮನೆಯಲ್ಲಿ ದಿನಾ ಬೆಳಿಗ್ಗೆ ಸಂತೋಷ ಕೊಡುವ ಜಾಗ ಅದೊಂದೇ ಅಂದರೂ ತಪ್ಪಿಲ್ಲ.

ನಮ್ಮ ಕಡೆ ಮೇಸ್ತ್ರಿಗಳು ಅಡುಗೆ ಕಟ್ಟೆಯನ್ನು 33-34 ಇಂಚಿಗೆ ಕಟ್ಟಿಬಿಡುತ್ತಾರೆ. ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ಆ ಎತ್ತರ ಚೆನ್ನಾಗಿಯೇ ಇದೆ. ಜೋಳದ ರೊಟ್ಟಿಗೆ ಮಾತ್ರ ಹೊಂದುವುದಿಲ್ಲ. ಎಸರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ನಾದಬೇಕು, ಮೈಯ ಭಾರ ತೋಳಿನಿಂದ ಕೆಳಗಿಳಿಯಬೇಕು. ಐದು ಅಡಿ ಒಂದಿಂಚು ಎತ್ತರದವರ ಮೊಣಕೈ ನೆಲದಿಂದ ಸುಮಾರು 38 ಇಂಚಿಗೆ ಬರುತ್ತದೆ. 34 ಇಂಚಿನ ಕಟ್ಟೆ, ಅದರ ಮೇಲೆ ಪರಾತ ಇಟ್ಟರೆ ಭುಜ ಎತ್ತಿಯೇ ಬಡಿಯಬೇಕು. ಹತ್ತು ರೊಟ್ಟಿ ಆಗುವಷ್ಟರಲ್ಲಿ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಒಲೆಯ ಕಥೆ ಇನ್ನೂ ಕಷ್ಟದ್ದು. 34ರ ಮೇಲೆ ಆರಿಂಚಿನ ಗ್ಯಾಸ್ ಸ್ಟವ್ ಇಟ್ಟರೆ ಹಂಚು 40 ಇಂಚಿಗೆ ಹೋಗುತ್ತದೆ, ಅಂದರೆ ಮೊಣಕೈಗಿಂತ ಮೇಲೆ. ರೊಟ್ಟಿಗೆ ನೀರು ಸವರುವಾಗ ಹಬೆ ನೇರ ಮುಖಕ್ಕೇ ಬರುತ್ತದೆ.

ಡಿಸೈನರ್ ಮೊದಲ ಭೇಟಿಯಲ್ಲೇ ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈಯಿಂದ ನೆಲದವರೆಗೆ ಟೇಪು ಹಿಡಿದು ಅಳೆದರು. ಅದರಲ್ಲಿ ಹತ್ತಿಂಚು ಕಳೆದು ರೊಟ್ಟಿ ಕಟ್ಟೆಯ ಎತ್ತರ 28 ಇಂಚು ಎಂದು ಬರೆದರು. ಅಗಲ 42 ಇಂಚು: ಸ್ಟವ್ ಮತ್ತು ಪಕ್ಕದಲ್ಲೇ ಪರಾತ ಕೂರುವಷ್ಟು. ಆಳ 24. ಉಳಿದ ಕಟ್ಟೆ 34ರಲ್ಲೇ ಮುಂದುವರಿಯಿತು. ಈಗ ಹಂಚಿನ ಮೇಲ್ಮೈ 34 ಇಂಚಿಗಿದೆ, ಮೊಣಕೈಗಿಂತ ನಾಲ್ಕಿಂಚು ಕೆಳಗೆ. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಾಗೇ ಪಕ್ಕಕ್ಕೆ ತಿರುಗಿ ಹಂಚಿಗೆ ಹಾಕಬಹುದು, ಒದ್ದೆ ಬಟ್ಟೆಯಿಂದ ಸವರಬಹುದು, ಉಬ್ಬಲು ಬಿಟ್ಟು ಮುಂದಿನ ಉಂಡೆಗೆ ಕೈ ಹಾಕಬಹುದು. ಹೆಜ್ಜೆ ಇಡುವ ಕೆಲಸವೇ ಇಲ್ಲ. ಹಿಟ್ಟಿನ ಡಬ್ಬ ಬಲ ಮೊಣಕಾಲಿನ ಹತ್ತಿರ, 12 ಇಂಚು ಆಳದ ಡ್ರಾಯರಿನಲ್ಲಿ. ಕಾಲಿನ ಬೆರಳಿಗೆ ಕೆಳಗೆ ನಾಲ್ಕಿಂಚು ಎತ್ತರ, ಮೂರಿಂಚು ಒಳಕ್ಕೆ ಜಾಗ ಬಿಟ್ಟಿದ್ದಾರೆ, ಹಾಗಾಗಿ ಮೈ ಕಟ್ಟೆಗೆ ತಾಗುವಷ್ಟು ಹತ್ತಿರ ನಿಲ್ಲಬಹುದು. ಲೈಟು ಬೆನ್ನ ಹಿಂದೆ ಇದ್ದರೆ ನಮ್ಮದೇ ನೆರಳು ಪರಾತದ ಮೇಲೆ ಬೀಳುತ್ತದೆ ಅಂತ ಮೇಲಿನ ಕಪಾಟಿನ ಅಡಿಗೇ ಒಂದು ಲೈಟಿನ ಪಟ್ಟಿ ಕೊಟ್ಟಿದ್ದಾರೆ. ರೊಟ್ಟಿಯ ಅಂಚು ಎಲ್ಲಿ ದಪ್ಪ ಉಳಿದಿದೆ ಎಂದು ಆ ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ.

ಕೇಳಲು ಸುಲಭ. ಮೇಸ್ತ್ರಿಗೆ ಬಾಯಿಮಾತಲ್ಲಿ ಹೇಳಿ ಮಾಡಿಸಬಹುದಲ್ಲ ಅನ್ನಿಸುತ್ತದೆ. ಹಾಗೆ ಮಾಡಿಸಿದ ಕಟ್ಟೆಗಳು ಕೆಡುವುದು ನಾಲ್ಕು ಕಡೆ.

ಮೊದಲನೆಯದು ನೆಲದ ಮಟ್ಟ. ಕಟ್ಟೆ ಕಟ್ಟುವಾಗ ಇನ್ನೂ ಟೈಲ್ಸ್ ಹಾಕಿರುವುದಿಲ್ಲ. ಬೆಡ್ಡು (ಟೈಲ್ಸ್ ಅಡಿಯ ಕಾಂಕ್ರೀಟು, ಗಾರೆಯ ಹಾಸು) ಮತ್ತು ಟೈಲ್ಸ್ ಸೇರಿ ಎರಡೂವರೆ, ಮೂರಿಂಚು ನೆಲ ಮೇಲೇಳುತ್ತದೆ. ಒರಟು ನೆಲದಿಂದ 28 ಅಳೆದರೆ ಕೊನೆಗೆ ಸಿಗುವುದು 25, ಅದರಲ್ಲಿ ಸೊಂಟ ಬಗ್ಗಿಸಿಯೇ ನಿಲ್ಲಬೇಕು. ಡಿಸೈನರ್ ಎಲ್ಲಾ ಗೋಡೆ ಮೇಲೂ ಮುಗಿದ ನೆಲದಿಂದ ಮೂರಡಿಗೆ ಒಂದು ಮಟ್ಟದ ಗೆರೆ ಹೊಡೆಸಿ, ಕಟ್ಟೆ, ಸ್ವಿಚ್ಚು, ಪೈಪು ಎಲ್ಲಾ ಅಳತೆಯನ್ನೂ ಆ ಗೆರೆಯಿಂದಲೇ ಕೊಟ್ಟರು.

ಎರಡನೆಯದು ಸಿಲಿಂಡರ್. 28 ಇಂಚಿನ ಕಟ್ಟೆಯಲ್ಲಿ ಗ್ರಾನೈಟು, ಅದರಡಿಯ ಕಲ್ಲು ಕಳೆದರೆ ಒಳಗೆ 25 ಇಂಚೂ ಉಳಿಯುವುದಿಲ್ಲ. 14.2 ಕೆಜಿ ಸಿಲಿಂಡರ್ ರೆಗ್ಯುಲೇಟರ್ ಸಮೇತ ಅಲ್ಲಿ ನಿಲ್ಲದು. ಪಕ್ಕದ 34 ಇಂಚಿನ ಕಟ್ಟೆಯ ಕೆಳಗೆ ಇಟ್ಟು, ನಡುವಿನ ಕಲ್ಲಿನಲ್ಲಿ ರಬ್ಬರ್ ಟ್ಯೂಬಿಗೆ ತೂತು ಬಿಡಬೇಕು. ಟ್ಯೂಬು ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ಆದ್ದರಿಂದ ಸ್ಟವ್ ಎಲ್ಲಿ, ಸಿಲಿಂಡರ್ ಎಲ್ಲಿ ಎಂಬುದು ಕಲ್ಲು ಕೂರಿಸುವ ಮೊದಲೇ ತೀರ್ಮಾನ ಆಗಬೇಕು. ಸಿಲಿಂಡರ್ ಕಪಾಟಿನ ಬಾಗಿಲಿಗೆ ಗಾಳಿ ಕಿಂಡಿ ಕೆಳಭಾಗದಲ್ಲಿ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ.

ಮೂರನೆಯದು ಚಿಮಣಿ. ಕಂಪನಿಯ ಹುಡುಗರು ಅಕ್ಕಪಕ್ಕದ ಕಪಾಟಿನ ಸಾಲಿಗೆ ಸರಿಯಾಗಿ ಕೂರಿಸಿ ಹೋಗುತ್ತಾರೆ. ಆ ಲೆಕ್ಕದಲ್ಲಿ ಚಿಮಣಿಯ ತಳ ನೆಲದಿಂದ 68 ಇಂಚಿಗೆ ಬರುತ್ತದೆ. ತಗ್ಗು ಕಟ್ಟೆಯ ಬರ್ನರ್‌ನಿಂದ ಅದು 34 ಇಂಚು ದೂರ, ಹೊಗೆ ಅಲ್ಲಿಗೆ ತಲುಪುವ ಮೊದಲೇ ಹರಡುತ್ತದೆ. ಇಲ್ಲಿ ಬರ್ನರ್‌ನಿಂದ 30 ಇಂಚಿಗೆ, ಅಂದರೆ ನೆಲದಿಂದ 64ಕ್ಕೆ ಇಳಿಸಿದ್ದಾರೆ. ಅದಕ್ಕೆ ಪೈಪಿನ ತೂತು ಕೂಡ ಗೋಡೆಯಲ್ಲಿ ಮೊದಲೇ ಬಿಡಬೇಕಾಯಿತು. ಒಂದು ಎಚ್ಚರಿಕೆ: ಹಾರುವ ಜೋಳದ ಹಿಟ್ಟು ಫಿಲ್ಟರಿನ ಜಿಡ್ಡಿಗೆ ಅಂಟಿ ಗಟ್ಟಿಯಾಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಬಿಸಿನೀರು, ಸೋಡಾ ಹಾಕಿ ನೆನೆಸಿ ತೊಳೆಯಲೇಬೇಕು. ಹಿಟ್ಟಿನ ಡ್ರಾಯರು ಜಾರುವ ಚಾನೆಲ್ಲಿಗೂ ಇದೇ ರೋಗ. ಎಣ್ಣೆ ಹಾಕಿದರೆ ಹಿಟ್ಟು ಕಲಸಿಕೊಂಡು ಬಿಗಿಯುತ್ತದೆ, ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ನಾಲ್ಕನೆಯದು ಎರಡು ಮಟ್ಟ ಸೇರುವ ಜಾಗ. ಮೇಲಿನ ಕಟ್ಟೆ ಒರೆಸುವಾಗ ನೀರು ನೇರ ರೊಟ್ಟಿ ಕಟ್ಟೆಗೆ ಇಳಿಯುತ್ತದೆ. ಮೇಲಿನ ಗ್ರಾನೈಟಿನ ಅಂಚಿಗೆ ಅರ್ಧ ಇಂಚಿನ ತಡೆ, ಆರಿಂಚಿನ ನೆಟ್ಟಗಿನ ಮುಖಕ್ಕೂ ಗ್ರಾನೈಟು, ಮೂಲೆಗೆ ಎಪಾಕ್ಸಿ. ಬಿಳಿ ಸಿಮೆಂಟು ತುಂಬಿದ ಮೂಲೆ ಸ್ವಲ್ಪ ಕಾಲದಲ್ಲೇ ಕಪ್ಪಾಗಿ ಬಿರುಕು ಬಿಡುತ್ತದೆ, ಜಿರಳೆ ಅಲ್ಲಿಂದಲೇ ಶುರು.

ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಗ್ರಾನೈಟ್‌ನವರು ನಾಲ್ವರಿಗೂ ಕೊಟ್ಟದ್ದಕ್ಕೆ ಫೀ ಸಲ್ಲುತ್ತದೆ. ಅದೇ ಹಾಳೆಯಲ್ಲಿ ಸಿಂಕಿನ ಕೆಳಗೆ ಪ್ಲೈವುಡ್ ಡಬ್ಬವೇ ಬೇಡ, ಕಡಪ ಕಲ್ಲಿನ ಅಡ್ಡಗೋಡೆ ನಿಲ್ಲಿಸಿ ಬರೀ ಬಾಗಿಲು ಕೂರಿಸಿ ಎಂದಿತ್ತು. ಹೊಸ ಡಿಸೈನರುಗಳು ಕಡಪ ಕಲ್ಲು ಅಂದರೆ ಹಳೇ ಕಾಲದ್ದು ಎಂದು ಮೂಗು ಮುರಿಯುತ್ತಾರೆ. ಪೈಪು ಸೋರಿದಾಗ ಕಲ್ಲನ್ನು ಒರೆಸಿಟ್ಟರೆ ಮುಗಿಯಿತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಅಂಚು ಉಬ್ಬಿ ಹಿಂಜ್‌ನ ಸ್ಕ್ರೂ ಕಿತ್ತು ಬರುತ್ತಿತ್ತು. ಕಲ್ಲಿನ ಕಷ್ಟ ಒಂದೇ: ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇರುವುದಿಲ್ಲ, ಡ್ರಾಯರ್ ಚಾನೆಲ್ ಕೂರಿಸಲು ಪ್ಲೈ ಪಟ್ಟಿ ಬಡಿದು ಮಟ್ಟ ಮಾಡಬೇಕು. ಬಡಗಿ ಗೊಣಗುತ್ತಾನೆ, ಮಾಡುತ್ತಾನೆ.

ಎಲೆಕ್ಟ್ರಿಕಲ್ ಪಾಯಿಂಟ್ ಡ್ರಾಯಿಂಗ್ ಕೂಡ ಚೆನ್ನಾಗಿತ್ತು. ಗೀಸರಿಗೆ 16 ಆಂಪ್ ಪಾಯಿಂಟು ಮತ್ತು ಅದಕ್ಕೇ ಬೇರೆ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು), ಸ್ಟವ್‌ನ ಹಿಂದಿನ ಗೋಡೆಯಲ್ಲಿ ಒಂದೂ ಪ್ಲಗ್ ಇಲ್ಲ, ಆರ್‌ಒ ಯಂತ್ರದ ಪಕ್ಕ ಪ್ಲಗ್ಗೂ, ಅದು ಹೊರಹಾಕುವ ನೀರು ಹಿಂದಿನ ಯುಟಿಲಿಟಿಗೆ ಹೋಗುವ ಪೈಪೂ ಒಟ್ಟಿಗೆ. ಗಡಸು ನೀರಿನ ಊರಲ್ಲಿ ಆರ್‌ಒ ಹೊರಹಾಕುವ ನೀರು ಬಹಳ, ಅದು ದಿನಾ ನೆಲ ಒರೆಸಲು ಆಗುತ್ತದೆ.

ಇಲ್ಲಿಗೆ ಹೊಗಳಿಕೆ ನಿಲ್ಲಿಸಬೇಕು. ಗಿಲಾವು ಮುಗಿದು ಅಲಂಕಾರದ ಕೆಲಸ ಶುರುವಾದ ಮೇಲೆ ಅದೇ ಡಿಸೈನರ್ ಅಷ್ಟು ಗಮನ ಕೊಡಲಿಲ್ಲ.

ಹಾಲ್‌ಗೆ ಜಿಪ್ಸಮ್ ಸೀಲಿಂಗ್, ಅದರ ಸುತ್ತ ತೋಡಿನೊಳಗೆ ಎಲ್‌ಇಡಿ ಪಟ್ಟಿ. ಪಟ್ಟಿಗೆ ಕರೆಂಟು ಕೊಡುವ ಡ್ರೈವರ್ ಡಬ್ಬಿಯನ್ನು ಸೀಲಿಂಗಿನ ಒಳಗೆ ಮುಚ್ಚಿಬಿಟ್ಟರು. ಪಟ್ಟಿ ವರ್ಷಗಟ್ಟಲೆ ಬಾಳುತ್ತದೆ, ಡ್ರೈವರ್ ಬಾಳುವುದಿಲ್ಲ. ಸ್ಲ್ಯಾಬಿನ ಅಡಿಯ ಬೇಸಿಗೆ ಕಾವಿಗೇ ಅದು ಸುಡುತ್ತದೆ. ಬದಲಿಸಲು ಬೋರ್ಡು ಕೊಯ್ದು, ಮತ್ತೆ ಪುಟ್ಟಿ, ಮತ್ತೆ ಬಣ್ಣ. ಒಂದಡಿ ಚೌಕದ ಮುಚ್ಚಳ ಡ್ರಾಯಿಂಗಿನಲ್ಲಿ ಇದ್ದಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ. ತೋಡಿನಲ್ಲಿ ಕೂರುವ ಧೂಳಿಗೆ ಮಾತ್ರ ಪರಿಹಾರವೇ ಇಲ್ಲ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ ಹತ್ತಿರದ ಬಡಾವಣೆಯಲ್ಲಿ ಮನೆ ಇದ್ದರೆ ಇಂಥ ತೋಡು ಬೇಡವೇ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಪ್ಪು ನಲ್ಲಿಗಳು ಇನ್ನೊಂದು. ಕ್ಯಾಟಲಾಗಿನಲ್ಲಿ ಚೆನ್ನ. ಬೋರ್ ನೀರು ಬೀಳುವ ಮನೆಯಲ್ಲಿ ಪ್ರತಿ ಹನಿಯೂ ಒಣಗಿ ಸುಣ್ಣದ ಚುಕ್ಕೆಯಾಗುತ್ತದೆ, ಉಜ್ಜಿದರೆ ಕಪ್ಪು ಲೇಪ ಹೋಗುತ್ತದೆ. ಮಾಮೂಲಿ ಹೊಳೆಯುವ ಕ್ರೋಮ್‌ ನಲ್ಲಿಗೆ ನಿಂಬೆಹಣ್ಣಿನ ಸಿಪ್ಪೆ ಉಜ್ಜಿದರೆ ಸಾಕು. ಮೊಣಕೈ ಅಳೆದು ಕಟ್ಟೆ ಬರೆದವರು ಊರಿನ ನೀರನ್ನು ಯಾಕೆ ನೋಡಲಿಲ್ಲ ಎಂಬ ಪ್ರಶ್ನೆ ಈಗಲೂ ಕಾಡುತ್ತದೆ. ಡಿಸೈನರ್ ಹೇಳಿದ ಅಂಗಡಿಯಲ್ಲೇ ತೆಗೆದುಕೊಳ್ಳಬೇಕೆಂಬ ಒತ್ತಾಯವೂ ಇತ್ತು. ಅಂಗಡಿಯವರು ಡಿಸೈನರಿಗೆ ಕಮಿಷನ್ ಕೊಡುವುದು ಈ ವ್ಯವಹಾರದಲ್ಲಿ ಗುಟ್ಟೇನಲ್ಲ. ಆದ್ದರಿಂದ ಫೀ ಒಪ್ಪಂದದಲ್ಲೇ ‘ಸಾಮಾನು ಎಲ್ಲಿ ಕೊಳ್ಳುವುದು ಮಾಲೀಕರ ಇಷ್ಟ’ ಎಂದು ಬರೆಸಿಕೊಳ್ಳಿ.

ಬಟ್ಟೆ ಕಪಾಟಿನ ಲೆಕ್ಕವನ್ನೂ ಬರೆಸಿಕೊಳ್ಳಬೇಕು. ಮುಂಭಾಗದ ಅಗಲ ಗುಣಿಸು ಎತ್ತರ ಎಂದು ಚದರಡಿ ಹಿಡಿಯುತ್ತಾರೆ: ಏಳಡಿಗೆ ಏಳಡಿ ಕಪಾಟು 49 ಚದರಡಿ. ಒಳಗೆ ಎಷ್ಟು ಹಲಗೆ, ಎಷ್ಟು ಡ್ರಾಯರ್, ಹಿಂಬದಿಗೆ ಎಷ್ಟು ದಪ್ಪದ ಪ್ಲೈ, ಮೇಲಿನ ಅಟ್ಟದ ಬಾಗಿಲು ಸೇರಿದೆಯೋ ಇಲ್ಲವೋ, ಇವು ಆ ದರದಲ್ಲಿ ಕಾಣುವುದಿಲ್ಲ. ಎರಡು ಕೊಟೇಶನ್ನಿಗೆ ಚದರಡಿಗೆ ನೂರಿನ್ನೂರು ರೂಪಾಯಿ ವ್ಯತ್ಯಾಸ ಬರುವುದು ಇಲ್ಲೇ. ಪ್ಲೈವುಡ್‌ಗೆ ‘ವಾಟರ್‌ಪ್ರೂಫ್’ ಎಂದಷ್ಟೇ ಬರೆದರೆ ಒಪ್ಪಬೇಡಿ. ಪ್ಲೈವುಡ್‌ನ ಮಾನಕ ಸಂಖ್ಯೆಯನ್ನೇ ಹಾಕಿಸಿ: ಅಡುಗೆಮನೆಗೆ ಐಎಸ್ 710 (ನೀರನ್ನು ಹೆಚ್ಚು ತಡೆಯುವ ಪ್ಲೈ), ಮಲಗುವ ಕೋಣೆಗೆ ಐಎಸ್ 303ರ ಬಿಡಬ್ಲ್ಯುಆರ್ (ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಎಂದು ಬರೆಸಿ. ಶೀಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ಸಂಖ್ಯೆ ಇರುತ್ತದೆ, ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಬಹುದು. ನೋಡುವುದು ಕೊಯ್ಯುವ ಮೊದಲು, ಲ್ಯಾಮಿನೇಟ್ ಅಂಟಿಸಿದ ಮೇಲೆ ಗುರುತು ಮುಚ್ಚಿಹೋಗುತ್ತದೆ.

ಸೈಟ್ ಭೇಟಿ ಬಗ್ಗೆ ಚಿತ್ರದುರ್ಗದವರಿಗೆ ಒಂದು ಮಾತು. ದಾವಣಗೆರೆಯ ಡಿಸೈನರುಗಳು ಅಲ್ಲಿಗೂ ಕೆಲಸಕ್ಕೆ ಹೋಗುತ್ತಾರೆ, ಆದರೆ ಹೈವೇಯಲ್ಲಿ 60 ಕಿ.ಮೀ. ಇದ್ದರೂ ಕರೆದಾಗಲೆಲ್ಲಾ ಬರುವುದಿಲ್ಲ. ಯಾವ ಹಂತಕ್ಕೆ ಬರಲೇಬೇಕು ಎಂದು ಮೊದಲೇ ಗೊತ್ತುಮಾಡಿ: ಪೈಪಿಗೆ ಗೋಡೆ ಕೊರೆಯುವ ಮುನ್ನ, ಅಡುಗೆ ಕಟ್ಟೆಯ ಕಲ್ಲು ಕೂರಿಸುವ ದಿನ, ಟೈಲ್ಸ್ ಶುರುವಾಗುವ ದಿನ, ಪ್ಲೈ ಇಳಿಸಿದ ದಿನ. ಬಣ್ಣದ ಭೇಟಿ ತಪ್ಪಿದರೂ ನಡೆಯುತ್ತದೆ.

ನಮ್ಮಂಥ ಬಜೆಟ್‌ನವರಿಗೆ, ಅಂದರೆ ಇಡೀ ಒಳಾಂಗಣಕ್ಕೆ ಐದಾರು ಲಕ್ಷ ಇಟ್ಟುಕೊಂಡವರಿಗೆ, ಟರ್ನ್‌ಕೀ ಗುತ್ತಿಗೆ (ಸಾಮಾನು, ಕೂಲಿ ಎಲ್ಲಾ ಡಿಸೈನರಿಗೇ ವಹಿಸುವುದು) ಬೇಡ ಎನ್ನುತ್ತೇನೆ. ಡ್ರಾಯಿಂಗ್ ಫೀ ಮಾತ್ರ ಕೊಡಿ, ಕೆಲಸ ಊರಿನ ಬಡಗಿಯಿಂದ ಮಾಡಿಸಿ. ಡಿಸೈನರ್ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡಿದ್ದರೆ ಫೀ ಮೇಲೆ ಶೇ 18 ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಜೆಟ್ ಇನ್ನೂ ಕಡಿಮೆ ಇದ್ದರೆ ಅಡುಗೆಮನೆ, ಎಲೆಕ್ಟ್ರಿಕಲ್, ಪ್ಲಂಬಿಂಗ್ ಈ ಮೂರು ಡ್ರಾಯಿಂಗ್ ಮಾತ್ರ ಕೇಳಿ. ಅಷ್ಟಕ್ಕೇ ಒಪ್ಪುವವರು ಇದ್ದಾರೆ. ಗಿಲಾವು ಆಗಿಹೋದ ಮನೆಗೆ ಪೂರ್ತಿ ಫೀ ಕೊಡುವುದು ನನಗೆ ಸರಿ ಕಾಣುವುದಿಲ್ಲ, ಆಗ ಉಳಿಯುವುದು ಬಣ್ಣ, ಪರದೆ, ಸೀಲಿಂಗು.

ಡ್ರಾಯಿಂಗ್ ಸಿಕ್ಕ ಮೇಲೆ ಒಂದು ಕೆಲಸ ನೀವೇ ಮಾಡಬೇಕು. ಪೈಪು, ವೈರು ಕೂರಿಸಿದ ಮೇಲೆ, ಗಿಲಾವು ಮುಚ್ಚುವ ಮೊದಲು, ಪ್ರತಿ ಗೋಡೆಗೂ ಟೇಪು ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದು ಅದೇ ಫೈಲಿನಲ್ಲಿಡಿ. ಪೈಪು ಡ್ರಾಯಿಂಗಿನಲ್ಲಿ ತೋರಿಸಿದ ಜಾಗದಲ್ಲೇ ಇರುತ್ತದೆ ಎಂದು ಹೇಳಲಾಗುವುದಿಲ್ಲ, ಪ್ಲಂಬರ್ ಒಂದೆರಡಿಂಚು ಆಚೀಚೆ ಮಾಡಿರುತ್ತಾನೆ. ಚಿಮಣಿಗೋ ಗೀಸರಿಗೋ ಡ್ರಿಲ್ ಹಿಡಿದು ಬಂದವರಿಗೆ ಮೊದಲು ಆ ಫೋಟೋ ತೋರಿಸಿ, ಆಮೇಲೆ ಗೋಡೆ ಮುಟ್ಟಲು ಬಿಡಿ.