ಅಕ್ಷತೆ ಬಿದ್ದಾಗ ಒಡೆದ ಚಿತ್ರ: ದಾವಣಗೆರೆಯ ಅಂಗಡಿಯೊಂದರಲ್ಲಿ ಹಳೆಯ ಕ್ಯಾಸೆಟ್ ಡಿವಿಡಿಯಾದ ಬಗೆ

ಅಟ್ಟದ ಮೇಲಿನ ಟ್ರಂಕಿನಲ್ಲಿ ಅಕ್ಕನ ಮದುವೆಯ ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್, ಗೃಹಪ್ರವೇಶದ ಎರಡು ಮಿನಿ ಡಿವಿ ಕ್ಯಾಸೆಟ್‌ಗಳು ಮತ್ತು ದುಗ್ಗಮ್ಮನ ಜಾತ್ರೆಯದೆಂದು ಚೀಟಿ ಅಂಟಿಸಿದ್ದ ಇನ್ನೊಂದು ವಿಎಚ್‌ಎಸ್ ಸಿಕ್ಕಿದಾಗ, ಎಲ್ಲವನ್ನೂ ಡಿವಿಡಿಗೆ ಹಾಕಿಸಲು ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಹಳೆಯ ಸ್ಟುಡಿಯೋಗೆ ಕೊಟ್ಟೆ. ಪೆನ್‌ಡ್ರೈವ್ ಕಾಲದಲ್ಲಿ ಡಿವಿಡಿ ಏಕೆಂದು ಅಂಗಡಿಯವರೇ ಕೇಳಿದರು. ಹರಿಹರದಲ್ಲಿರುವ ಅಮ್ಮ ರಿಮೋಟಿನ ಒಂದು ಗುಂಡಿ ಒತ್ತಿದರೆ ಮದುವೆ ಶುರುವಾಗಬೇಕು, ಕಾರಣ ಅಷ್ಟೇ. ಮೊದಲು ಕೆಡಿಸಿದರೂ ಬೇಸರಿಸದೆ ಮತ್ತೆ ಮಾಡಿಕೊಟ್ಟವರಾದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲ ಸಲ ಕೈಗೆ ಬಂದ ಮದುವೆಯ ಡಿವಿಡಿ ಧಾರೆಯ ಹೊತ್ತಿನವರೆಗೆ ನೋಡುವಂತಿತ್ತು. ಗಟ್ಟಿಮೇಳ ಮೊಳಗಿ ನಾಲ್ಕೂ ಕಡೆಯಿಂದ ಅಕ್ಷತೆ ಬಿದ್ದ ಕ್ಷಣದಲ್ಲಿ ಇಡೀ ಚಿತ್ರ ಚೌಕ ಚೌಕವಾಗಿ ಒಡೆಯಿತು. ಸೀರೆಯ ಜರಿ ಅಂಚು ಮೆಟ್ಟಿಲಿನಂತಾಯಿತು. ಬಾಸಿಂಗವೂ ಹಣೆಯೂ ಸೇರಿ ಒಂದೇ ಹಳದಿ ಮುದ್ದೆಯಾದವು. "ಹಳೇ ಕ್ಯಾಸೆಟ್ ಸಾರ್, ಇಷ್ಟೇ ಬರೋದು" ಎಂಬ ಉತ್ತರ ಸಿಕ್ಕಿತು. ಆದರೆ ಅದೇ ಅಂಗಡಿಯ ವಿಸಿಆರ್‌ಗೆ ಅದೇ ಕ್ಯಾಸೆಟ್ ಹಾಕಿಸಿ ಟಿವಿಯಲ್ಲಿ ನೋಡಿದರೆ, ಅಕ್ಷತೆಯ ಕಾಳು ಮಸುಕಾಗಿಯಾದರೂ ಕಾಳಾಗಿಯೇ ಕಾಣುತ್ತಿತ್ತು. ಹಾಳಾದದ್ದು ಕ್ಯಾಸೆಟ್ಟಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ.

ಅಂಗಡಿಯ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಹಾಕಿದೆವು. ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಮೂರು ಗಂಟೆಯನ್ನು ಅದರಲ್ಲಿ ತುಂಬಿದರೆ ಸೆಕೆಂಡಿಗೆ ಸಿಗುವುದು ಸುಮಾರು 3.5 ಮೆಗಾಬಿಟ್ ಮಾಹಿತಿ, ಅದೂ ಚಿತ್ರ ಮತ್ತು ಧ್ವನಿ ಎರಡಕ್ಕೂ ಸೇರಿ. ಇವರು ಧ್ವನಿಯನ್ನು ಸಂಕುಚಿತಗೊಳಿಸದೆ ಪಿಸಿಎಂ ರೂಪದಲ್ಲೇ ಬಿಟ್ಟಿದ್ದರಿಂದ ಅದೊಂದೇ 1.5 ಮೆಗಾಬಿಟ್ ನುಂಗಿತ್ತು. ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್‌ವರೆಗೆ ಅವಕಾಶವಿರುವಾಗ ನಮ್ಮ ಮದುವೆಗೆ ದಕ್ಕಿದ್ದು ಎರಡು ಮೆಗಾಬಿಟ್ಟಿಗೂ ಕಡಿಮೆ. ಚಿತ್ರವನ್ನು ಕುಗ್ಗಿಸಲು ಡಿವಿಡಿ ಬಳಸುವ ಎಂಪೆಗ್-2 ವಿಧಾನವು ಬಹುಪಾಲು ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಂಡು ಜಾಗ ಉಳಿಸುತ್ತದೆ. ಪುರೋಹಿತರು ಸುಮ್ಮನೆ ಕುಳಿತು ಮಂತ್ರ ಹೇಳುವಾಗ ಈ ಉಪಾಯ ನಡೆಯುತ್ತದೆ. ನೂರಾರು ಅಕ್ಕಿಕಾಳು ಒಂದೊಂದು ಒಂದೊಂದು ದಿಕ್ಕಿಗೆ ಹಾರುವಾಗ ಉಳಿಸಲು ಏನೂ ಇರುವುದಿಲ್ಲ, ಚಿತ್ರ ಒಡೆಯುತ್ತದೆ.

ಎರಡನೆಯ ಸಲ ಮದುವೆಯನ್ನು ಗಂಟೆಗೊಂದರಂತೆ ಮೂರು ಡಿಸ್ಕಿಗೆ ಹಂಚಿಸಿದೆ. ಚಿತ್ರಕ್ಕೆ 8 ಮೆಗಾಬಿಟ್, ಧ್ವನಿಗೆ 256 ಕಿಲೋಬಿಟ್‌ನ ಡಾಲ್ಬಿ, ಅಂದರೆ ಸಂಕುಚಿತಗೊಳಿಸಿದ ಧ್ವನಿ. ನಾದಸ್ವರದಲ್ಲಿ ನನಗೆ ಯಾವ ಕೊರತೆಯೂ ಕೇಳಿಸಲಿಲ್ಲ. ಹೆಚ್ಚುವರಿ ಡಿಸ್ಕುಗಳ ಹಣವನ್ನು ನಾನೇ ಕೊಟ್ಟೆ, ಕೂಲಿಯನ್ನು ಅವರು ಕೇಳಲಿಲ್ಲ. ಒಂದೇ ಡಿಸ್ಕು ಬೇಕೆನ್ನುವವರು 720×576 ಚುಕ್ಕಿಗಳ (ಪಿಕ್ಸೆಲ್) ಬದಲು 352×576ರ ಅಳತೆಯಲ್ಲಿ ಮಾಡಿಸುವುದು ಮೇಲು. ಅದೂ ಡಿವಿಡಿಯ ನಿಯಮದೊಳಗೇ ಇದೆ, ವಿಎಚ್‌ಎಸ್‌ನಲ್ಲಿರುವ ವಿವರವೇ ಅಷ್ಟು ಕಡಿಮೆಯಾದ್ದರಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಟೇಪಿನ ಮೇಲಿನ ಇರುವೆ ಓಡಾಡಿದಂಥ ಕಾಳುಕಾಳನ್ನೂ ಎಂಪೆಗ್ ಚಲನೆಯೆಂದೇ ಎಣಿಸಿ ಅದಕ್ಕೆ ಬಿಟ್ ಸುರಿಯುವುದರಿಂದ, ಎನ್‌ಕೋಡ್ ಮಾಡುವ, ಅಂದರೆ ಎಂಪೆಗ್‌ಗೆ ಬದಲಿಸುವ ಮುನ್ನ ಅದನ್ನು ಸ್ವಲ್ಪ ಶುಚಿ ಮಾಡುವುದು ಸರಿ. ಅಂಗಡಿಯ ಹುಡುಗ ಉತ್ಸಾಹದಲ್ಲಿ ಎಷ್ಟು ತಿಕ್ಕಿದ್ದನೆಂದರೆ ಸೋದರಮಾವನ ಮುಖ ಮೇಣದ ಗೊಂಬೆಯಾಗಿತ್ತು. ಅರ್ಧಕ್ಕಿಳಿಸಿ ಎಂದ ಮೇಲೆ ಅವರ ಮೊಡವೆ ಕಲೆಗಳು ವಾಪಸು ಬಂದವು.

ಮಿನಿ ಡಿವಿಯದು ಬೇರೆಯೇ ಕಥೆ. ಆ ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ಮಾಹಿತಿ. ಡಿಜಿಟಲ್ ಮಾಹಿತಿಯನ್ನು ನೇರ ಸಾಗಿಸುವ ಫೈರ್‌ವೈರ್ ತಂತಿಯ ಮೂಲಕ ತೆಗೆದರೆ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದಂತೆ ಇಳಿಯುತ್ತದೆ. ಇವರು ಕ್ಯಾಮೆರಾದಿಂದ ಹಳದಿ ಪಿನ್ನಿನ ತಂತಿ ಎಳೆದು ಅದನ್ನು ಮೊದಲು ಅನಲಾಗ್ ಮಾಡಿ, ಮತ್ತೆ ಡಿಜಿಟಲ್ ಮಾಡುತ್ತಿದ್ದರು. ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಕಿಂಡಿಯೇ ಇರುವುದಿಲ್ಲ ನಿಜ, ಆದರೆ ಇವರ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದ ಹಳೆಯ ಯಂತ್ರದಲ್ಲಿ ಅದಿತ್ತು. ಹಾಗೆ ತೆಗೆಸಿದ ಮೇಲೂ ಒಂದು ಎಡವಟ್ಟಾಯಿತು. ಹಾಲುಕ್ಕಿಸುವ ಹೊತ್ತಿಗೆ ಅಮ್ಮ ಕೈ ಬೀಸಿದಾಗೆಲ್ಲ ಕೈ ಹಿಂದೆ ಮುಂದೆ ನಡುಗಿದಂತೆ ಕಾಣುತ್ತಿತ್ತು. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಗೆರೆ ಬಿಟ್ಟು ಗೆರೆಯಂತೆ ಎರಡು ಅರ್ಧಗಳಾಗಿ ಬರುತ್ತದೆ. ಮಿನಿ ಡಿವಿಯಲ್ಲಿ ಕೆಳಗಿನ ಅರ್ಧ ಮೊದಲು ಬರಬೇಕು, ಇವರು ವಿಎಚ್‌ಎಸ್‌ಗೆ ಇಟ್ಟಿದ್ದ ಮೇಲಿನ ಅರ್ಧದ ಆಯ್ಕೆಯನ್ನೇ ಬಿಟ್ಟಿದ್ದರು. ಅಂಗಡಿಯ ಕಂಪ್ಯೂಟರಿನಲ್ಲಿ ಈ ದೋಷ ಕಾಣಲೇ ಇಲ್ಲ, ಮನೆಯ ಟಿವಿಯಲ್ಲಿ ಕಂಡಿತು. ಹಾಗಾಗಿ ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಡಿವಿಡಿ ಪ್ಲೇಯರ್ ಮತ್ತು ಟಿವಿಗೆ ಹಾಕಿಸಿ, ಜನ ಓಡಾಡುವ ಭಾಗವನ್ನು ನೋಡಬೇಕು. ಅರಿಶಿನ ಕುಂಕುಮದ ತಟ್ಟೆಯ ಕ್ಲೋಸಪ್ ನೋಡಿ ತೃಪ್ತರಾಗಬಾರದು.

ಡಿಸ್ಕನ್ನು ನಿಧಾನವಾಗಿ ಬರೆದರೆ ಚಿತ್ರ ಚೆನ್ನಾಗಿರುತ್ತದೆಂದು ಅಂಗಡಿಯವರು ನಂಬಿದ್ದಾರೆ. ವೇಗದಿಂದ ಚಿತ್ರ ಒಂದು ಕೂದಲೆಳೆಯಷ್ಟೂ ಬದಲಾಗದು. ಬರಹ ಸರಿಯಾಗದಿದ್ದರೆ ಡಿಸ್ಕು ನಡುವೆ ನಿಲ್ಲುತ್ತದೆ, ತೊಂದರೆ ಅದು. ಮೇಲೆ ದಂಪತಿಯ ಫೋಟೋದ ಕಾಗದ ಅಂಟಿಸಿ ಕೊಡುವುದು ಇವರ ರೂಢಿ. ಅದು ತಿರುಗುವಾಗ ತೂಕ ತಪ್ಪಿಸಬಹುದು, ದಿನ ಕಳೆದಂತೆ ಏಳಲೂಬಹುದು. ಬೇಡವೆಂದು ಹೇಳಿ ಮಾರ್ಕರಿನಲ್ಲಿ ಬರೆಸಿದೆ.

ಜಾತ್ರೆಯ ಕ್ಯಾಸೆಟ್ಟನ್ನು ಮಾತ್ರ ಅವರು ಯಂತ್ರಕ್ಕೆ ಹಾಕಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಸುರುಳಿಯ ಅಂಚಿನಲ್ಲಿ ಹತ್ತಿಯಂತೆ ಕೂತಿದ್ದ ಬೂಷ್ಟನ್ನು ತೋರಿಸಿ, ಇದನ್ನು ಹಾಗೇ ಓಡಿಸಿದರೆ ಟೇಪೂ ಹರಿಯಬಹುದು, ಟೇಪು ಓದುವ ಹೆಡ್ಡೂ ಕೆಟ್ಟು ಬೂಷ್ಟು ಮುಂದೆ ಬರುವವರ ಕ್ಯಾಸೆಟ್ಟಿಗೂ ಅಂಟಬಹುದು ಎಂದರು. ಶುಚಿ ಮಾಡುವವರು ಸಿಗುವವರೆಗೆ ಒಣ ಜಾಗದಲ್ಲಿ ನಿಲ್ಲಿಸಿ ಇಡಿ ಎಂದು ಹೇಳಿ, ಅದಕ್ಕಾಗಿ ತೆಗೆದುಕೊಂಡಿದ್ದ ಮುಂಗಡವನ್ನು ಅಲ್ಲಿಯೇ ಎಣಿಸಿ ಕೊಟ್ಟರು.