ಪಹಣಿ, ಫೋಟೋ ಎಲ್ಲ ಡೇಟಾಬೇಸಿಗೇ ತುಂಬುವ ಮುಂಚೆ ಇದನ್ನೊಮ್ಮೆ ಓದಿ

ಸಾಗರದ ಕಡೆಯ ಒಂದು ಅಡಿಕೆ ಮಂಡಿಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತರ ಪಹಣಿ ಸ್ಕ್ಯಾನ್ ಮಾಡಿ ಇಡಬೇಕು. ರಾಶಿ, ಬೆಟ್ಟೆ, ಸರಕು ಅಂತ ಬರುವ ಪ್ರತಿ ಲಾಟ್‌ಗೂ ಫೋಟೋ ಬೇಕು. ಒಂದೇ ಬ್ಯಾಕಪ್‌ನಲ್ಲಿ ಎಲ್ಲ ಬರಲಿ ಅಂತ ಅಷ್ಟನ್ನೂ ಮೈಎಸ್‌ಕ್ಯೂಎಲ್ 5.7 ಡೇಟಾಬೇಸಿನ ಟೇಬಲ್‌ಗೇ ತುಂಬಿಸಿದೆ. ಆಗ ನಾನೇ ಜಾಣ ಅನ್ನಿಸಿತ್ತು.

ಮೊದಲ ತಿಂಗಳೇ ಮಂಡಿ ಯಜಮಾನರ ಫೋನ್. "ಏನ್ ಮಾರಾಯ್ರೆ, ನಿಮ್ಮ ಪಹಣಿಗೂ ಅರ್ಧಕ್ಕೇ ಕರೆಂಟ್ ಹೋಯ್ತಾ?" ತೆಗೆದು ನೋಡಿದರೆ ಮೇಲಿನ ನಾಲ್ಕು ಸಾಲು ಸರಿಯಾಗಿದೆ, ಕೆಳಗೆ ಬರೀ ಬೂದು ಬಣ್ಣ. ಸ್ಕ್ಯಾನ್ ಇಡುವ ಕಾಲಂಗೆ ಸುಮ್ನೆ 'ಬ್ಲಾಬ್' ಅನ್ನುವ ಬಗೆ ಕೊಟ್ಟಿದ್ದೆ. ಅದರಲ್ಲಿ ಹಿಡಿಯುವುದು 65,535 ಬೈಟ್ ಮಾತ್ರ. ಹಿಡಿಸದಷ್ಟು ಡೇಟಾ ಬಂದರೆ ತಡೆಯುವ ಸ್ಟ್ರಿಕ್ಟ್ ಮೋಡನ್ನೂ ಹಳೇ ಕೋಡ್ ಓಡಲಿ ಅಂತ ನಾನೇ ಆಫ್ ಮಾಡಿದ್ದೆ. ಹಾಗಾಗಿ ಡೇಟಾಬೇಸ್ ಎರರ್ ಕೊಡದೆ ಉಳಿದದ್ದನ್ನು ಕತ್ತರಿಸಿ ಬಿಸಾಕಿತ್ತು. 4 ಜಿಬಿ ಹಿಡಿಯುವ ಲಾಂಗ್‌ಬ್ಲಾಬ್‌ಗೆ ಬದಲಿಸಿ, ಮುಗಿಯಿತು ಅಂದುಕೊಂಡೆ.

ಆಮೇಲೆ ರೈತರ ಪಟ್ಟಿ ತೆರೆಯುವುದು ನಿಧಾನವಾಯಿತು. ಬೇಕಿದ್ದದ್ದು ಹೆಸರು, ಊರು. ನಾನು ಬರೆದಿದ್ದು 'ಸೆಲೆಕ್ಟ್ ಸ್ಟಾರ್', ಅಂದರೆ ಎಲ್ಲ ಕಾಲಂ ಕೊಡು ಅಂತ. ಪ್ರತಿ ಹೆಸರಿನ ಜೊತೆ ಪಹಣಿಯೂ ಮೆರವಣಿಗೆ ಬರುತ್ತಿತ್ತು. ಇದು ಅರ್ಧ ಗಂಟೆಯ ಕೆಲಸ, ಸರಿಮಾಡಿದೆ.

ನಿಜವಾದ ಪೆಟ್ಟು ಬಿದ್ದಿದ್ದು ಜುಲೈನಲ್ಲಿ. ನಮ್ಮ ಕಡೆ ಜುಲೈ ಮಳೆ ಗೊತ್ತಲ್ವಾ, ಕರೆಂಟ್ ಬಂದು ಹೋಗಿ ಬಂದು ಹೋಗಿ ಡಿಸ್ಕ್ ಸತ್ತಿತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ರಿಸ್ಟೋರ್‌ಗೆ ಕೂತೆ. ಸ್ವಲ್ಪ ಓಡಿತು, ನಿಂತಿತು. ಪ್ಯಾಕೆಟ್ ದೊಡ್ಡದಾಯಿತು ಅಂತ ಎರರ್. 5.7ರಲ್ಲಿ 'ಮ್ಯಾಕ್ಸ್ ಅಲೋಡ್ ಪ್ಯಾಕೆಟ್', ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಡೇಟಾದ ಮಿತಿ, ತಾನಾಗಿ ಇರುವುದು 4 ಎಂಬಿ. 3 ಎಂಬಿ ಸ್ಕ್ಯಾನ್ ಒಳಗೆ ಹೋಗುವಾಗ ಸಲೀಸಾಗಿ ಹೋಗಿತ್ತು. ಆದರೆ ನಾನು ಬ್ಯಾಕಪ್‌ನ ಡಂಪ್ ತೆಗೆದಿದ್ದು ಹೆಕ್ಸ್ ರೂಪದಲ್ಲಿ. ಅದರಲ್ಲಿ ಒಂದು ಬೈಟ್ ಎರಡು ಅಕ್ಷರವಾಗುತ್ತದೆ, 3 ಎಂಬಿ ಇದ್ದದ್ದು 6 ಎಂಬಿ ಆಗಿತ್ತು. ಹೋದ ಬಾಗಿಲಲ್ಲಿ ವಾಪಸ್ ಬರಲು ಆಗಲಿಲ್ಲ! ಆ ಮಿತಿಯನ್ನು 64 ಎಂಬಿಗೆ ಏರಿಸಿ ಮತ್ತೆ ಮೊದಲಿಂದ ಓಡಿಸಿದೆ. ಮುಗಿಯುವಷ್ಟರಲ್ಲಿ ಬೆಳಗಾಗಿತ್ತು. ಅಷ್ಟು ಹೊತ್ತೂ ಯಜಮಾನರು ಎದುರಿಗೇ ಕೂತು ಕವಳ ಹಾಕುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಳೇ ಫೋಟೋ ಅಳಿಸಿ ಜಾಗ ಮಾಡೋಣ ಅಂದರೆ ಅದೂ ಆಗಲಿಲ್ಲ. ಸಾಲು ಅಳಿಸಿದರೂ ಡಿಸ್ಕ್ ಮೇಲಿನ ಫೈಲ್ ಚಿಕ್ಕದಾಗುವುದಿಲ್ಲ. 'ಆಪ್ಟಿಮೈಸ್ ಟೇಬಲ್' ಓಡಿಸಬೇಕು. ಅದು ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, ಅದಕ್ಕೂ ಖಾಲಿ ಜಾಗ ಬೇಕು. ಜಾಗ ಇದ್ದಿದ್ದರೆ ನಾನು ಯಾಕೆ ಅಳಿಸುತ್ತಿದ್ದೆ?

ಈಗ ಫೈಲುಗಳೆಲ್ಲ ಫೋಲ್ಡರ್‌ನಲ್ಲಿವೆ. ಟೇಬಲ್‌ನಲ್ಲಿ ದಾರಿ, ಅಳತೆ, ಎಸ್‌ಎಚ್‌ಎ-256 ಗುರುತು (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥದ್ದು) ಮಾತ್ರ. ಸೇರಿಸುವಾಗ ಮೊದಲು ಫೈಲ್, ಆಮೇಲೆ ಸಾಲು. ಅಳಿಸುವಾಗ ಮೊದಲು ಸಾಲು, ಆಮೇಲೆ ಫೈಲ್. ನಡುವೆ ಕರೆಂಟ್ ಹೋದರೆ ವಾರಸುದಾರರಿಲ್ಲದ ಫೈಲ್ ಒಂದು ಉಳಿಯಬಹುದು, ಫೈಲಿಲ್ಲದ ಸಾಲು ಉಳಿಯುವುದಿಲ್ಲ. ಪುಟಾಣಿ ಫೋಟೋಗಳನ್ನು ಮಾತ್ರ ಟೇಬಲ್‌ನಲ್ಲೇ ಬಿಟ್ಟಿದ್ದೇನೆ. 2006ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಪರೀಕ್ಷೆ ಮಾಡಿ, 256 ಕೆಬಿಗಿಂತ ಚಿಕ್ಕದಕ್ಕೆ ಡೇಟಾಬೇಸ್, 1 ಎಂಬಿ ದಾಟಿದರೆ ಫೈಲ್ ವಾಸಿ ಎಂದಿದ್ದರು. ನಾನು ಇದನ್ನು ಓದಿದ್ದು ಡಿಸ್ಕ್ ಸತ್ತ ಮೇಲೆ.

ಮೊದಲ ತಿಂಗಳ ಆ ಅರ್ಧ ಪಹಣಿಗಳು ಮಾತ್ರ ಹಾಗೇ ಇವೆ. ರೈತರು ಮಂಡಿಗೆ ಬಂದಾಗ ಒಬ್ಬೊಬ್ಬರ ಹತ್ತಿರ ಇನ್ನೊಂದು ಪ್ರತಿ ಕೇಳುತ್ತಿದ್ದೇವೆ.